ಅಂಗೈ ನೋಡಿ ರಕ್ತ ಅಳೆದವರಿಗೆ

ದವಾಖಾನೆಗಳ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಬನಹಟ್ಟಿಯ ಮುದುಕರಲ್ಲಿ ರಕ್ತ ತುಂಬಿ ತುಳುಕುತ್ತಿದೆಯೆಂದು ತಾವು ಮುಂಬಯಿ ಸರಕಾರಕ್ಕೆ ವರದಿ ಬರೆದಿರಿ. ಅಂಥ ರಕ್ತವುಳ್ಳ ನನ್ನ ಹೆಂಡತಿ ಗುರುಬಸವ್ವ ಸೊಂಟದ ಎಲುಬು ಮುರಿದುಕೊಂಡು ಮಲಗಿದ್ದಾಳೆ.

ಕಳೆದ ಶ್ರಾವಣದಲ್ಲಿ ತಮ್ಮ ಸವಾರಿ ಚಿತ್ತೈಸಿದ್ದು ನೆನಪಿರಬಹುದು. ವಯಸ್ಸಾದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತೇ ಅಂಗೈ ತೋರಿಸಲು ಅಪ್ಪಣೆ ಮಾಡಿದಿರಿ. ಅಂಗೈ ಬಿಳಿಚಿದ್ದರೆ ರಕ್ತ ಕಡಿಮೆ, ಕೆಂಪಗಿದ್ದರೆ ಸಾಕಷ್ಟು. ಎಂಥ ಸುಲಭದ ವಿದ್ಯೆ! ನಮ್ಮ ಓಣಿಯ ಹೆಂಗಸರ ಅಂಗೈಗಳೆಲ್ಲ ಕೆಂಪಗೇ ಇದ್ದವು. ಇರದೇ ಏನಾದೀತು? ಸೀರೆಯ ನೂಲಿನ ಲಡಿಗಳನ್ನು ಕೆಂಪು ಬಣ್ಣದಲ್ಲಿ ಅದ್ದಿ ಹಿಂಡುವುದೇ ಅವರ ಹೊಟ್ಟೆಪಾಡು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೂತ ಬಣ್ಣ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ತಮ್ಮ ಮನೆಯವರೂ ನಮ್ಮೂರ ಸೀರೆ ಉಟ್ಟಿರಬಹುದು; ಅದರ ಕೆಂಪು ಯಾರ ಕೈಯಿಂದ ಬಂತೆಂದು ತಮಗೆ ಎಂದೂ ಅನಿಸಲಿಲ್ಲವೇ?

ಗುರುಬಸವ್ವ ಹೇಳಿ ನೋಡಿದಳು. "ಇದು ಬಣ್ಣರೀ ಸಾಹೇಬ್ರ. ಎದ್ದು ನಿಂತ್ರ ನನಗ ಚಕ್ಕರ ಬರತೈತ್ರಿ" ಎಂದಳು. ತಾವು ನಕ್ಕು, ಇಷ್ಟು ರಕ್ತವುಳ್ಳ ಮುದುಕಿಯನ್ನು ನಾಲ್ಕು ತಾಲೂಕಿನಲ್ಲಿ ಕಂಡಿಲ್ಲವೆಂದು ಹೊಗಳಿ ಮುಂದಿನವರನ್ನು ಕರೆದಿರಿ. ಪಾಪ, ಹೊಗಳಿಕೆಗೆ ನಾಚಿ ಮನೆಗೆ ಬಂದಳು. ನಮಗೆಂದು ತಂದಿದ್ದ, ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆಗಳ ಡಬ್ಬಿ ಅಂದೇ ತಮ್ಮ ಮೋಟಾರಿನಲ್ಲಿ ಬೀಳಗಿಗೆ ಹೋಯಿತು. ಬೀಳಗಿಯ ಮುದುಕರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರಾದರೂ ನುಂಗಲಿ.

ದಸರೆಯ ಮುಂಚೆ ಲಡಿ ಒಣಹಾಕಲು ಎದ್ದವಳು ಕಣ್ಣಿಗೆ ಕತ್ತಲೆ ಕವಿದು ಅಂಗಳದಲ್ಲೇ ಬಿದ್ದಳು. ದೂರದ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರರು ಅಂಗೈ ನೋಡಲೇ ಇಲ್ಲ. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಗಂಜಿ ಹಾಕಿದ ನೂಲಿನಂತೆ ಬೆಳ್ಳಗಿತ್ತು. ರಕ್ತ ಕಡಿಮೆಯಾದರೆ ಚಕ್ಕರ ಬರುತ್ತದೆ, ವಯಸ್ಸಾದವರ ಎಲುಬು ಮೊದಲೇ ಟೊಳ್ಳು, ಒಮ್ಮೆ ಬಿದ್ದರೆ ಸಾಕು ಎಂದರು. ಮೊದಲೇ ಯಾರಿಗೂ ತೋರಿಸಲಿಲ್ಲವೇ ಎಂದೂ ಕೇಳಿದರು. ತೋರಿಸಿದ್ದೆವೆಂದು ಹೇಳಲು ನನಗೇ ನಾಚಿಕೆಯಾಯಿತು. ಆಕೆ ಇನ್ನು ನಡೆಯುವುದು ಕಷ್ಟವಂತೆ. ನನಗೆ ಸಿಟ್ಟು ಬಂದಿದೆ ಸಾಹೇಬರೇ, ಈ ಪತ್ರದಲ್ಲಿ ಮರ್ಯಾದೆಯ ಮಾತು ಉಳಿಸಿಕೊಳ್ಳುವುದೇ ಸಾಕಾಗಿ ಹೋಗಿದೆ.

ಈಗ ಆಕೆಯ ಅಕ್ಕ ಮಾದೇವಿಗೂ ಅದೇ ಚಕ್ಕರ ಸುರುವಾಗಿದೆ. ಗುಳಿಗೆ ಕೇಳಿದರೆ ಇಲ್ಲಿಯ ಕಂಪೌಂಡರ ತಮ್ಮ ವರದಿಯ ಹೆಸರು ಹೇಳಿ, ಬನಹಟ್ಟಿಗೆ ಮಂಜೂರಿಲ್ಲ ಎನ್ನುತ್ತಾನೆ. ಆ ವರದಿ ರದ್ದು ಮಾಡಿರಿ, ಗುಳಿಗೆ ಕಳಿಸಿರಿ. ತಾವೇ ಬಂದು ನಮ್ಮ ಓಣಿಯ ಒಬ್ಬೊಬ್ಬರ ಕಣ್ಣು ನೋಡಿರಿ. ನಿನ್ನೆ ತಂಗಿಗೆ ನೀರು ಕುಡಿಸಲು ಬಂದ ಮಾದೇವಿ ಗೋಡೆ ಹಿಡಿದು ನಿಂತು, "ನಾನೂ ಬಿದ್ರ ಈಕೀನ್ನ ಎತ್ತಿ ಕುಂಡರಸಾಕ ಯಾರದಾರ್ರಿ?" ಎಂದು ಕೇಳಿದಳು. ಆಕೆ ಕಾಲ ಮೇಲೆ ನಿಂತಿರುವಾಗಲೇ ಬಂದು ಅದಕ್ಕೆ ಉತ್ತರ ತಾವೇ ಹೇಳಿ ಹೋಗಿರಿ.

ಇಂತಿ,
ಮಗ್ಗ ಬಿಟ್ಟು ಹೆಂಡತಿಯ ಪಕ್ಕ ಕುಳಿತಿರುವ
ನೇಕಾರ ಸಾತಪ್ಪ, ಬನಹಟ್ಟಿ