ಹಲಗೆಯ ಮೇಲಿನ ಚಿಲಕ

ಅಣ್ಣಾ,

ಕಾಗೆ ಕಾಲು ಗುಬ್ಬಿ ಕಾಲಿನಂಥ ಈ ಅಕ್ಷರ ನೋಡಿದ್ದರೆ ನೀನು ನಕ್ಕುಬಿಡುತ್ತಿದ್ದೆ. ಹೊಸ ಕತ್ತರಿ ಕೊಡಿಸಿದಾಗ "ಕೋತಿ ಕೈಗೆ ಮಾಣಿಕ್ಯ ಕೊಟ್ಟಂಗಾಯ್ತು" ಎಂದಿದ್ದೆಯಲ್ಲ, ಆ ಕೈಯ ಸುದ್ದಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಹತ್ತಿರ ಒಂದು ಹಲಗೆಯಿದೆ. ಅದರ ಮೇಲೆ ನಲ್ಲಿ, ಬೀಗ, ಸ್ವಿಚ್ಚು, ಚಿಲಕ ಎಲ್ಲ ಜೋಡಿಸಿದ್ದಾರೆ. ಸುಟ್ಟ ಬೆರಳುಗಳು ಅವನ್ನೆಲ್ಲ ಮತ್ತೆ ಕಲಿಯಬೇಕು. ನಲ್ಲಿ ತಿರುಗಿಸಿದೆ, ಬೀಗ ತೆಗೆದೆ. ಚಿಲಕವನ್ನು ಮಾತ್ರ ಮೂರು ವಾರದಿಂದ ನಾಳೆ, ನಾಳೆ ಎಂದು ಮುಂದೂಡುತ್ತಿದ್ದೆ.

ನಮ್ಮ ಸೋಫಾ ಅಂಗಡಿಯ ಚಿಲಕವೂ ಅಂಥದ್ದೇ. "ಗಾಳಿಗೆ ಬಾಗಿಲು ಬಡ್ಕೊಳ್ಳುತ್ತೆ, ಸ್ಪಂಜಿನ ಚೂರೆಲ್ಲ ಹಾರುತ್ತೆ, ಹೊರಗಿಂದ ಚಿಲಕ ಹಾಕ್ಕೊಂಡು ಹೋಗೋ" ಎಂದು ನೀನು ದಿನಾ ಕೂಗುತ್ತಿದ್ದೆ. ಅವತ್ತು ನಾನು ಟೀ ತರಲು ಹೊರಟಾಗಲೂ ಕೂಗಿದೆಯೋ ಇಲ್ಲವೋ, ಎಷ್ಟು ನೆನೆಸಿಕೊಂಡರೂ ಗೊತ್ತಾಗುತ್ತಿಲ್ಲ. ಬರುವಷ್ಟರಲ್ಲಿ ಒಳಗೆಲ್ಲ ಬೆಂಕಿ, ನೀನೂ ಒಳಗೆ. ಚಿಲಕ ಕೆಂಡದ ಹಾಗೆ ಕಾದಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದರೂ ಜರುಗಲಿಲ್ಲ.

ಇವತ್ತು ಹಲಗೆಯದನ್ನು ತೆಗೆದೆ. ಗಡಿಯಾರ ಹಿಡಿದು ನಿಂತಿದ್ದ ಮೇಡಂ, "ಹನ್ನೊಂದೇ ಸೆಕೆಂಡು ಕಣ್ರೀ!" ಎಂದು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಚೆಂಡು ಹಿಚುಕುತ್ತಿದ್ದ ಅಜ್ಜನೂ ತಟ್ಟಿದ.

"ಈಗ ವಾಪಸ್ ಹಾಕಿ, ನೋಡೋಣ."

"ಹಾಕೋದು ಬರುತ್ತೆ ಮೇಡಂ," ಎಂದೆ.

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಮಾಡಿ ತೋರ್ಸಿ."

ಕೈ ತಾನಾಗಿಯೇ ಹಾಕಿಬಿಟ್ಟಿತು, ಅಣ್ಣಾ. ಅವರಿಗೆ ಗಡಿಯಾರ ನೋಡಲೂ ಪುರುಸೊತ್ತಾಗಲಿಲ್ಲ.