ನೀಲಿ ಪಟ್ಟಿಯ ಮರಿಗಳು

ನವೆಂಬರ್ ೧೭, ಸೋಮವಾರ

ಮತ್ತೆ ತೂಕದ ದಿನ. ಬೆಳಗಿನ ಏಳಕ್ಕೇ ರಂಗಂಪೇಟೆಯ ಹಟ್ಟಿಯಲ್ಲಿದ್ದೆ. ಬರಿಹೊಟ್ಟೆಯಲ್ಲೇ ತೂಗಬೇಕು — ಮರಿಗಳದ್ದೂ ಬರಿಹೊಟ್ಟೆ, ನನ್ನದೂ. ಬೇವಿನ ಕೊಂಬೆಗೆ ಕಾಟಾ ಕಟ್ಟಿ, ಒಂದೊಂದೇ ಮರಿಯನ್ನು ಗೋಣಿಚೀಲದಲ್ಲಿ ಕೂರಿಸಿ, ಎತ್ತಿ, ಓದಿ, ಇಳಿಸಿ... ಒಂದು ಮರಿ ಕೈ ಮೇಲೆ ಹಿಕ್ಕೆ ಹಾಕಿತು. ಇನ್ನೊಂದು ಮೊಣಕಾಲಿಗೆ ಗುದ್ದಿತು. ನನ್ನ ಪಿಎಚ್‌ಡಿ.

ಇಷ್ಟಾಗಿ ಸಿಕ್ಕಿದ್ದೇನು? ಹಳದಿ ಗುಂಪು, ನೀಲಿ ಗುಂಪು ಎರಡೂ ಸಮ. ಸಮ ಕೂಡ ಅಲ್ಲ, ನೀಲಿಯೇ ಒಂದು ತೂಕ ಮುಂದು.

ಹೇಗೆ ಸಾಧ್ಯ? ಎರಡೂ ಗುಂಪು ಹಗಲೆಲ್ಲ ಒಟ್ಟಿಗೇ ಮೇಯುತ್ತವೆ. ಸಂಜೆ ಹಳದಿ ಪಟ್ಟಿಯವಕ್ಕೆ ಮಾತ್ರ ನಮ್ಮ ಪೆಲೆಟ್, ಗುಳಿಗೆಯ ಮೇವು — ತೊಗರಿ ಹೊಟ್ಟು, ಹತ್ತಿಕಾಳು ಹಿಂಡಿ, ಜೋಳದ ನುಚ್ಚು, ಖನಿಜ ಪುಡಿ. ನೀಲಿಗೆ ಏನೂ ಇಲ್ಲ. ಹಳದಿ ಮುಂದೆ ಹೋಗಬೇಕು. ಹೋದರೆ ಪೆಲೆಟ್ ಗೆದ್ದಂತೆ, ನಾನೂ ಗೆದ್ದಂತೆ. ಹೋಗಲಿಲ್ಲವೆಂದರೆ ಎರಡು ವರ್ಷದ ಕೆಲಸ ನೀರಲ್ಲಿ ಹೋಮ.

ಗೈಡ್ ಸಂಗಮನಾಥ ಸರ್ ಬರೆದುಕೊಟ್ಟ ವಿಧಾನದಲ್ಲಿ ಹಳದಿ ಇರಲಿಲ್ಲ, ‘ಕೆಂಪು ಬಣ್ಣದಿಂದ ಗುರುತಿಸುವುದು’ ಅಂತ ಇತ್ತು. ಇವು ಕೆಂಗುರಿ. ಮೈಯೇ ಕೆಂಪು. ಕೆಂಪು ಕುರಿಗೆ ಕೆಂಪು ಗುರುತು — ಎಸಿ ರೂಮಿನಲ್ಲಿ ಕೂತವರಿಗೆ ಮಾತ್ರ ಹೊಳೆಯುತ್ತದೆ. ನಾನೇ ಕೊರಳಪಟ್ಟಿ ತಂದೆ. ಯಾವ ಮರಿಗೆ ಯಾವ ಬಣ್ಣ ಅಂತ ಚೀಟಿ ಎತ್ತಿ ಹೇಳಿದೆ, ಹಟ್ಟಿಯ ಯಜಮಾನ ಬೀರಣ್ಣ ಕಟ್ಟಿದ. ಈಗ ಅವನು ದೊಡ್ಡ ಕುರಿಗಳನ್ನು ಹೊಡೆದುಕೊಂಡು ನಾರಾಯಣಪುರದ ಕಾಲುವೆ ಕಡೆ ಹೋಗಿದ್ದಾನೆ. ತಾಯಿಹಾಲು ಬಿಟ್ಟ ಮರಿಗಳ ಜೊತೆ ಹೆಂಡತಿ ಬಾಲಮ್ಮ ಉಳಿದಿದ್ದಾಳೆ. ಸಂಜೆ ಪೆಲೆಟ್ ಹಾಕುವವಳು ಅವಳೇ.

ಅವಳಿ ಮರಿ ಕೂಡ ಸಮ. ಕೆಂಗುರಿಯಲ್ಲಿ ಅವಳಿ ಅಪರೂಪ. ಒಂದಕ್ಕೆ ಹಳದಿ, ಒಂದಕ್ಕೆ ನೀಲಿ. ಒಂದೇ ತಾಯಿ, ಒಂದೇ ಹಾಲು. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಕ್ಕೀತು ಅಂತ ಅವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನವೆಂಬರ್ ೧೮

ಕಾಟಾ ಪರೀಕ್ಷೆ ಮಾಡಿದೆ. ನೀರಿನ ಕ್ಯಾನು ತೂಗಿ ನೋಡಿದೆ. ಸರಿಯಾಗಿದೆ.

ಸರ್ ಫೋನಿನಲ್ಲಿ, "ಮಲ್ಲೇಶ್ವರಿ, ತೂಕ ಮಾಡಾಕ ಬರ್ತದೋ ಇಲ್ಲೋ? ಇದು ಸಂತ್ಯಾಗ ಉಳ್ಳಾಗಡ್ಡಿ ತೂಗಿದಂಗಲ್ಲ" ಅಂದರು.

ಅಪ್ಪ ಶಹಾಪುರದಲ್ಲಿ ಈರುಳ್ಳಿ ವ್ಯಾಪಾರಿ ಅಂತ ಗೊತ್ತಿದ್ದೇ ಆಡಿದ ಮಾತು. ಮೈಯೆಲ್ಲ ಉರಿಯಿತು. "ಹೌದ್ರಿ ಸರ್" ಅಂದೆ. ಅಪ್ಪನ ತಕ್ಕಡಿಯ ಬಗ್ಗೆ ಶಹಾಪುರದಲ್ಲಿ ಒಬ್ಬರೂ ಕೊಂಕು ತೆಗೆದಿಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ, ಯಾರ ಉಪಯೋಗಕ್ಕೋ.

ಡಿಸೆಂಬರ್ ೧, ಸೋಮವಾರ

ಮತ್ತೆ ಸಮ.

ಡಿಸೆಂಬರ್ ೩

ಬರೆಯಹೋಗಿ ಒಂದು ಹಾಳೆ ಹರಿದೆ. ಸಿಟ್ಟಿಗೆ.

ದಿನಾ ಬೆಳಗ್ಗೆ ಪೆಲೆಟ್ ತೂಗಿ ಡಬ್ಬಿಯಲ್ಲಿಟ್ಟು, ಹಿಕ್ಕೆಯ ಸ್ಯಾಂಪಲ್ ಹಿಡಿದು ಯಾದಗಿರಿಯ ಲ್ಯಾಬಿಗೆ ಓಡುವುದು ನನ್ನ ರೂಢಿ. ಇವತ್ತು ಹೋಗಲಿಲ್ಲ. ಸಂಜೆ ಹೇಳದೆ ಕೇಳದೆ ಹಟ್ಟಿಗೆ ಹೋದೆ. ಸ್ಕೂಟಿಯನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದೆ.

ಎರಡು ಗುಂಪಿನ ನಡುವಿನ ಬಲೆ ಮೇಲಕ್ಕೆ ಕಟ್ಟಿತ್ತು. ಹಳದಿ ನೀಲಿ ಎಲ್ಲ ಒಟ್ಟಾಗಿ ತಲೆ ತಗ್ಗಿಸಿ ಕಟಕಟ ತಿನ್ನುತ್ತಿದ್ದವು. ನಡುವೆ ಬಾಲಮ್ಮ, ಕೈಯಲ್ಲಿ ಬಟ್ಟಲು. ಹಿಂದೆ ಉಳಿದ ಒಂದು ನೀಲಿ ಮರಿಯನ್ನು ಕಿವಿ ಹಿಡಿದು ಮುಂದಕ್ಕೆ ತಂದು ಬಿಡುತ್ತಿದ್ದಳು.

"ಏನ್ ಮಾಡಾಕತ್ತಿ ಬಾಲಮ್ಮ?"

"ಉಣಸಾಕತ್ತೇನ್ರಿ ಬಾಯಾರ." ಓದಿದ ಹೆಂಗಸರೆಲ್ಲ ಅವಳಿಗೆ ‘ಬಾಯಾರು’.

"ನೀಲಿಗೆ ಹಾಕಬ್ಯಾಡ ಅಂತ ಹೇಳಿದ್ದಿಲ್ಲೇನು?"

"ಹೇಳಿದ್ರಿ. ಮೊದಲನೇ ದಿನ ಹಾಕ್ಲಿಲ್ಲರಿ. ಬಲಿ ಈ ಕಡಿ ಅವು ತಿನ್ನಾಕತ್ವು, ಆ ಕಡಿ ಇವು ಒದರಾಕತ್ವು. ಹಟ್ಟ್ಯಾಗ ಮರಿ ಹಸದು ಒದರಾಕತ್ರ ನಮ್ಮ ಮನ್ಯಾಗ ಯಾರೂ ಉಣ್ಣಾಕ ಗಂಗಾಳದ ಮುಂದ ಕೂಡಂಗಿಲ್ಲ. ನಮ್ಮತ್ತಿ ಕಾಲದಿಂದ ಹಂಗರಿ. ಅವತ್ತ ಮನಿಮಂದಿ ಎಲ್ಲಾ ಉಪಾಸ ಮಕ್ಕೊಂಡ್ವಿ. ದಿನಾ ಹಂಗ ಇರಾಕ ಆಗ್ತದೇನ್ರಿ?"

"ನನಗ್ಯಾಕ ಹೇಳಲಿಲ್ಲ ಮತ್ತ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ."

ಎಷ್ಟು ಸಲೀಸಾಗಿ ಅಂದಳು. ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಬುದ್ಧಿ ಇಲ್ಲ ಅಂದೆ, ನನ್ನ ಬಾಳು ಹಾಳು ಮಾಡಿದಿ ಅಂದೆ, ಮರಿ ಸಾಯ್ತಿದ್ವೇನು ಅಂದೆ. ಪಕ್ಕದ ಹಟ್ಟಿಯವರೆಲ್ಲ ಬಂದು ನಿಂತರು. ಅವಳು ಬಟ್ಟಲು ಹಿಡಿದು ನಿಂತೇ ಇದ್ದಳು. ನಾನು ದಣಿದು ಸುಮ್ಮನಾದ ಮೇಲೆ, "ಆಯ್ತಲ್ಲರಿ, ಬರ್ರಿ, ಎರಡ ರೊಟ್ಟಿ ತಿನ್ರಿ. ಮರಿ ಸುಮ್ಮನಾಗ್ಯಾವ" ಅಂದಳು.

ತಿನ್ನಲಿಲ್ಲ. ಹೊರಟು ಬಂದೆ. ಸ್ಕೂಟಿ ಸ್ಟಾರ್ಟ್ ಆಗಲಿಲ್ಲ. ಊರೊಳಗಿನ ಮೆಕ್ಯಾನಿಕ್ ಅಂಗಡಿಯ ತನಕ ತಳ್ಳಿದೆ.

ಡಿಸೆಂಬರ್ ೪

ಸರ್‌ಗೆ ಹೇಳಿದೆ. ಬೈಯುತ್ತಾರೆ, ಪ್ರಯೋಗ ರದ್ದು ಮಾಡುತ್ತಾರೆ ಅಂದುಕೊಂಡಿದ್ದೆ. ನಕ್ಕರು.

"ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡೀ? ಬರೇ ಮೇವು ತಿಂದ ಮರಿ ಎಷ್ಟ ಬೆಳೀತದ ಅನ್ನೋದು ಎಲ್ಲಾರಿಗೂ ಗೊತ್ತದ. ಹಳೇ ಬ್ಯಾಚಿನ ತೂಕ ಕೊಡ್ತೀನಿ, ನೀಲಿ ಕಾಲಮಿನ್ಯಾಗ ತುಂಬು. ಮುಂದಿನ ತಿಂಗಳು ಸುರಪುರದಾಗ ಕುರಿಗಾರರ ಸಭಾ ಅದ, ಪೆಲೆಟ್ ಬಿಡುಗಡೆ ಅದ. ಕಾರ್ಡ್ ಪ್ರಿಂಟಿಗೆ ಹೋಗ್ಯಾವ."

"ಅದು ನನ್ನ ಮರಿ ತೂಕ ಅಲ್ಲಲ್ರಿ ಸರ್."

"ಮರಿಗೇನು ಹೆಸರು ಬರದದ?"

ಆಗುವುದಿಲ್ಲ ಅಂದೆ. ಹಾಗಾದರೆ ಮೊದಲಿನಿಂದ ಮಾಡು, ನಿನ್ನ ಫೆಲೋಶಿಪ್ ಅಲ್ಲಿಯ ತನಕ ಉಳಿದರೆ ನೋಡೋಣ ಅಂದು ಫೈಲು ಮುಚ್ಚಿದರು.

ಯಾರ ಮೇಲೆ ಸಿಟ್ಟು ಮಾಡಲಿ? ನಿನ್ನೆ ಒಬ್ಬಳ ಮೇಲಿತ್ತು. ಇವತ್ತು ಇಬ್ಬರ ಮೇಲೆ. ಅವಳಾದರೂ ಕದ್ದು ಉಣಿಸಿದ್ದು ಮರಿಗೆ.

ಡಿಸೆಂಬರ್ ೨೯

ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ. ಸುಮ್ಮನೆ ಹೋಗಿ ತೂಗಿ ಬರುತ್ತೇನೆ. ಬಾಲಮ್ಮನ ಜೊತೆ ಮಾತಿಲ್ಲ. ಅವಳು ಮರಿ ಹಿಡಿದುಕೊಡುತ್ತಾಳೆ, ನಾನು ಓದುತ್ತೇನೆ.

ಮನೆಯ ಮಾಲಕಿ ನುಜ್ಹತ ಆಪಾ ಇವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು, "ಸಿಟ್ಟು ಯಾರ ಮ್ಯಾಲ ಅದನೋ ಅವರ ಮ್ಯಾಲ ತೀರಸ್ಕೋ. ನನ್ನ ಭಾಂಡಿ ಏನ್ ಮಾಡ್ಯಾವ?" ಅಂದರು. ಸಾರಿನ ಪಾತ್ರೆಗೆ ನಗ್ಗು ಬಿದ್ದಿದೆ. ನಾನೇ ಕುಕ್ಕಿದ್ದು.

‘ಈ ಪ್ರಯೋಗದ ಅಂಕಿಗಳನ್ನು ಎಲ್ಲೂ ಬಳಸಬಾರದು, ಎರಡೂ ಗುಂಪು ಪೆಲೆಟ್ ತಿಂದಿವೆ’ ಅಂತ ಸರ್‌ಗೆ ವಾಟ್ಸಾಪ್ ಹಾಕಿದೆ. ಹೆಬ್ಬೆರಳಿನ ಚಿತ್ರ ಬಂತು. ಒಪ್ಪಿದರು ಅಂದುಕೊಳ್ಳುತ್ತೇನೆ. ಅಬ್ಬಾ, ಅಷ್ಟಾದರೂ ಆಯಿತು.

ಜನವರಿ ೨೨, ಗುರುವಾರ

ಸುರಪುರದ ಸಭೆ. ಮುಂದೆ ಸೋಫಾ, ಅದರಲ್ಲಿ ಶಾಲು ಹೊದ್ದ ಅತಿಥಿಗಳು. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುರಿಗಾರರು. ರಂಗಂಪೇಟೆಯ ಹೆಂಗಸರ ನಡುವೆ ಬಾಲಮ್ಮ, ಹೊಸ ಸೀರೆ ಉಟ್ಟು ಬಂದಿದ್ದಳು. ಅವಳ ಹಟ್ಟಿಯ ಕೆಲಸ ತೋರಿಸುತ್ತಾರೆ ಅಂತ ಯಾರೋ ಹೇಳಿದ್ದರಂತೆ.

ಸರ್ ಪರದೆಯ ಮೇಲೆ ಚಿತ್ರ ಹಾಕಿದರು. ಹಳದಿ ಕಂಬ ಎತ್ತರ. ನೀಲಿ ಕಂಬ ಅದರ ಮೊಣಕಾಲಿಗೂ ಬಂದಿಲ್ಲ. ಕೆಳಗೆ, ಮಲ್ಲೇಶ್ವರಿ, ಸಂಶೋಧನಾ ವಿದ್ಯಾರ್ಥಿ. ನನ್ನ ಹೆಸರು. ದಪ್ಪ ಅಕ್ಷರದಲ್ಲಿ.

ಮುಂದಿನ ಚಿತ್ರದಲ್ಲಿ ಒಂದು ಮರಿ. ಪಕ್ಕೆಲುಬು ಎಣಿಸಬಹುದು, ಕೊರಳಲ್ಲಿ ನೀಲಿ ಪಟ್ಟಿ. ಎಲ್ಲಿಂದ ತಂದರೋ.

"ಬರೇ ಮೇವಿನ ಮ್ಯಾಲ ಬಿಟ್ಟ ರಂಗಂಪೇಟಿ ಹಟ್ಟಿ ಮರಿ ಹ್ಯಾಂಗ ಸೊರಗ್ಯಾವ ನೋಡ್ರಿ" ಅಂದರು ಸರ್.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಬಾಲಮ್ಮ ಎದ್ದು ನಿಂತಿದ್ದಳು.

"ಅದು ನಮ್ಮ ಹಟ್ಟಿ ಮರಿ ಅಲ್ರಿ ಸಾಹೇಬ್ರ."

"ಕೂಡವ್ವ, ನಿನಗ ತಿಳಿಯಂಗಿಲ್ಲ."

ನಾಲ್ಕು ಜನ ನಕ್ಕರು. ಅವಳು ಕೂರಲಿಲ್ಲ. ಮುಖ ಕೆಂಪಾಗಿತ್ತು. ಊರ ಮಂದಿಯ ಮುಂದೆ ಅವಳನ್ನು ಮರಿ ಸೊರಗಿಸಿದವಳು ಅಂದುಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಆ ಮನೆಯವರಿಗೆ ಇಲ್ಲ, ಅಷ್ಟು ನನಗೂ ಗೊತ್ತಾಗಿದೆ.

"ನನ್ನ ಕೈಯಾಗ ಒಂದು ಮರಿನೂ ಸೊರಗಿಲ್ಲರಿ. ನೀಲಿಗೂ ನಾನೇ ಹಾಕೇನಿ, ದಿನಾ ಹಾಕೇನಿ. ಬಾಯಾರು ನನ್ನ ಬೈದಾರ ಅದಕ್ಕ. ಅಲ್ಲೇ ಕುಂತಾರ, ಕೇಳ್ರಿ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಸರ್ ಕಣ್ಣಲ್ಲೇ ಕೂತಿರು ಅಂದರು. ನೋಡಿದೆ. ಎದ್ದೆ.

"ಬಾಲಮ್ಮ ಹೇಳೋದು ಖರೆ ಅದ. ಎರಡೂ ಗುಂಪು ಪೆಲೆಟ್ ತಿಂದಾವ. ಈ ಅಂಕಿ ನಾ ಕೊಟ್ಟದ್ದಲ್ಲ. ಬಳಸಬ್ಯಾಡ್ರಿ ಅಂತ ಸರ್‌ಗೆ ತಿಳಿಸಿದ್ದೆ. ಪೆಲೆಟ್ ಛಲೋನೋ ಕೆಟ್ಟದ್ದೋ ನನಗಿನ್ನೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ."

ದನಿ ಒಡೆಯಿತು. ಅಳು ಅಲ್ಲ ಅದು. ನನಗೆ ಸಿಟ್ಟು ಬಂದರೆ ಹಾಗೇ.

ಪ್ರೊಜೆಕ್ಟರ್ ಕೆಟ್ಟಿದೆ ಅಂತ ಯಾರೋ ಮೈಕಿನಲ್ಲಿ ಹೇಳಿದರು. ಚಹಾ ಬೇಗ ಬಂತು.

ಜನವರಿ ೨೩

ಬೇರೆ ಗೈಡ್ ನೋಡಿಕೊಳ್ಳಬೇಕಂತೆ. ನನ್ನ ಟೇಬಲ್ ಮೇಲಿನ ಸಾಮಾನೆಲ್ಲ ರಟ್ಟಿನ ಡಬ್ಬಿಗೆ ಹಾಕಿ ವರಾಂಡದಲ್ಲಿಟ್ಟಿದ್ದರು. ಸಹೋದ್ಯೋಗಿಗಳು ಯಾರೂ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಹೇಡಿಗಳು.

ಸಂಜೆ ಹಟ್ಟಿಗೆ ಹೋದೆ. ಜಗಳಕ್ಕೇ ಹೋದದ್ದು.

"ನೀ ಮೊದಲನೇ ದಿನಾನೇ ನನಗ ಹೇಳಿದ್ರ ಇಷ್ಟೆಲ್ಲ ಆಗ್ತಿದ್ದಿಲ್ಲ."

"ಖರೆ" ಅಂದಳು ಬಾಲಮ್ಮ.

ಅಷ್ಟೇ. ಅವಳು ವಾದಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎರಡು ರೊಟ್ಟಿ ತಿಂದು ಬಂದೆ.

ಮಾರ್ಚ್ ೧೧

ದುರ್ಗಾದೇವಿ ಮೇಡಂ ನನ್ನನ್ನು ತಮ್ಮ ವಿದ್ಯಾರ್ಥಿಯಾಗಿ ತೆಗೆದುಕೊಂಡರು. ಆರು ಜನರ ಬಾಗಿಲು ತಟ್ಟಿದ ಮೇಲೆ. "ಮೊದಲಿನಿಂದ ಮಾಡು. ನೀಲಿ ಗುಂಪು ಮಾತ್ರ ನೀಲಿಯಾಗೇ ಉಳಿಯಬೇಕು. ಇನ್ನೊಂದು ಸಲ ಕೆಟ್ಟರೆ ನಾನೂ ಉಳಿಸಲಾರೆ" ಅಂದರು. ಫೆಲೋಶಿಪ್‌ನಲ್ಲಿ ಒಂದೇ ಪ್ರಯೋಗಕ್ಕೆ ಆಗುವಷ್ಟು ಸಮಯ ಉಳಿದಿದೆ.

ಪ್ರಯೋಗಕ್ಕೆ ಮರಿ ಕೊಡಿ ಅಂತ ಮುದನಾಳದಲ್ಲಿ ಕೇಳಿದೆ. ಶಹಾಪುರದ ಸುತ್ತ ಕೇಳಿದೆ. ಸಭೆಯಲ್ಲಿ ಗದ್ದಲ ಮಾಡಿದ ಮೇಡಂ ಇವಳೇ ಅಂತ ಗುರುತು ಹಿಡಿಯುತ್ತಾರೆ, ಚಹಾ ಕೊಡುತ್ತಾರೆ, ಮರಿ ಕೊಡುವುದಿಲ್ಲ.

ಉಳಿದದ್ದು ಬಾಲಮ್ಮ. ಹೋಗಿ ಕೇಳಿದೆ. ಬಿಡಿಸಿ ಹೇಳಿದೆ. ನೀಲಿ ಇಲ್ಲದಿದ್ದರೆ ಹಳದಿ ಬೆಳೆದದ್ದು ಪೆಲೆಟ್ಟಿನಿಂದಲೋ ಒಳ್ಳೆಯ ಮಳೆಯಿಂದಲೋ ತಿಳಿಯುವುದಿಲ್ಲ. ಪೆಲೆಟ್ ಬರೀ ಬೂಸಾ ಆಗಿದ್ದರೆ ಎಲ್ಲ ಕುರಿಗಾರರೂ ಬೂಸಾ ತಿನ್ನಿಸುತ್ತಾರೆ. ಬೇಕಾದರೆ ನೀಲಿಯನ್ನು ದೂರ, ಹಳ್ಳದ ಆಚೆ ಕಟ್ಟೋಣ. ಒದರುವುದು ಕೇಳುವುದಿಲ್ಲ.

"ನಮಗ ಕೇಳಂಗಿಲ್ಲ. ಒದರೋದಂತೂ ಒದರ್ತಾವಲ್ಲರಿ" ಅಂದಳು.

ಹಲ್ಲು ಕಡಿದುಕೊಂಡು ಕೂತೆ. ಒಲೆಗೆ ಕಟ್ಟಿಗೆ ಹಾಕಿ ಅವಳೇ ಅಂದಳು, "ಆಗ್ಲಿ. ಖರ್ರೇನ ಬೇಕಂತೀರಿ, ಈ ಸಲ ಕದ್ದು ಹಾಕಂಗಿಲ್ಲ. ಆದ್ರ ಪಟ್ಟಿ ನೀವೇ ಕಟ್ಟಬೇಕು. ಉಣಸೋ ಹೊತ್ತಿನಾಗ ದಿನಾ ಇಲ್ಲೇ ಕೂಡಬೇಕು. ಒದರೋದು ನಿಂತ ಮ್ಯಾಲ ಎಲ್ಲಾರೂ ಕೂಡಿ ಉಣ್ಣೋದು."

ಕಾವಲು ಕೂತಂತೆಯೂ ಆಯಿತು ಅಂದುಕೊಂಡೆ. ಇಷ್ಟು ಸುಲಭವೇ. ಒಪ್ಪಿದೆ.

ಜೂನ್ ೧೫, ಸೋಮವಾರ. ಸಂಜೆ

ಹೊಸ ಮರಿಗಳು. ಬೆಳಗ್ಗೆ ತೂಗಿ, ಚೀಟಿ ಎತ್ತಿ, ಎಲ್ಲ ಪಟ್ಟಿಯನ್ನೂ ನಾನೇ ಕಟ್ಟಿದೆ. ಬೀರಣ್ಣ ಊರಲ್ಲೇ ಇದ್ದಾನೆ, ಕೈ ಕಟ್ಟಿ ನಿಂತು ನೋಡಿದ. ಈ ಸಲವೂ ಒಂದು ಜೊತೆ ಅವಳಿ. "ಜವಳಿ ಬಂದಾವ ನೋಡ್ರಿ" ಅಂತ ಬಾಲಮ್ಮ ಎರಡನ್ನೂ ನನ್ನ ಮಡಿಲಿಗೇ ತಂದು ಹಾಕಿದಳು. ನೀಲಿ ಚೀಟಿ ಚಿಕ್ಕದಕ್ಕೆ ಬಂತು. ಮತ್ತೊಮ್ಮೆ ಎತ್ತೋಣವೇ ಅನ್ನಿಸಿತು. ಥೂ. ಕಟ್ಟಿದೆ. ಅದು ನನ್ನ ದುಪಟ್ಟದ ತುದಿ ಅಗಿಯುತ್ತಿತ್ತು.

ಹಟ್ಟಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬಲೆಯ ಈ ಕಡೆ ಹಳದಿ ತಿನ್ನುತ್ತಿದೆ. ಆ ಕಡೆ ಶುರುವಾಗಿದೆ. ಮೊದಲು ಒಂದು ಒದರಿತು, ಆಮೇಲೆ ಎಲ್ಲವೂ. ಹಗಲೆಲ್ಲ ಮೇದಿವೆ, ಹಸಿದಿಲ್ಲ, ವಾಸನೆಗೆ ಒದರುತ್ತವೆ ಅಂತ ಬೀರಣ್ಣನಿಗೆ ಹೇಳಿದೆ. "ಹೌದ್ರಿ" ಅಂದ. ಒಲೆ ಹಚ್ಚಿಲ್ಲ.

ಎಲ್ಲವೂ ಸುಮ್ಮನಾದವು, ಚಿಕ್ಕದೊಂದು ಬಿಟ್ಟು. ಬಲೆಗೆ ಮೂತಿ ಹಚ್ಚಿ ನಿಂತಿದೆ. ಅದರ ಜೊತೆಯದು ಈ ಕಡೆ ತಿನ್ನುತ್ತಿದೆ, ತಲೆ ಕೂಡ ಎತ್ತುವುದಿಲ್ಲ. ನೀಚ.

ಪೆಲೆಟ್ ಡಬ್ಬಿ ನನ್ನ ಕಾಲ ಬಳಿಯೇ ಇದೆ. ಮುಚ್ಚಳ ಸಡಿಲ. ಬಾಲಮ್ಮ ಡಬ್ಬಿಯ ಕಡೆ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಅವಳು ಮಾತಿಗೆ ತಪ್ಪಿಲ್ಲ, ಕೈ ಕಟ್ಟಿ ಕೂತಿದ್ದಾಳೆ. ಗಂಗಾಳಗಳು ಗೋಡೆಗೆ ಒರಗಿವೆ. ನನಗೆ ಹಸಿವು.

ಒಂದೇ ಹಿಡಿ. ಯಾರಿಗೆ ತಿಳಿಯುತ್ತದೆ? ಇಲ್ಲ. ಎರಡು ವರ್ಷ, ಒಂದು ಟೇಬಲ್, ಒಬ್ಬ ಗೈಡ್ — ಇಷ್ಟೆಲ್ಲ ಕಳೆದುಕೊಂಡದ್ದು ಇದಕ್ಕಾಗಿಯೇ, ಈ ಒಂದು ಹಿಡಿ ಹಾಕದೆ ಇರುವುದಕ್ಕಾಗಿಯೇ. ಒದರು. ಎಷ್ಟು ಒದರುತ್ತೀಯೋ ಒದರು. ನಾನು ಏಳುವುದಿಲ್ಲ. ನಾನಂತೂ ಇಲ್ಲಿಂದ —