ಈರುಳ್ಳಿಯಿಲ್ಲದ ಮೂಲೆ

ಎಲೈ ಗೆಳೆಯಾ, ಅಂಚೆ ಕಾಣದ ಈ ಪತ್ರವನ್ನು ಕೇಳುವಂಥವನಾಗು!

ನೀನು ಮುನಿಸಿಕೊಂಡು ನಾಟಕ ಮಂಡಳಿ ಬಿಟ್ಟೆಯಲ್ಲ, ತಾಲೀಮಿನ ದಿನ ನೀನು ಸುಡುತ್ತಿದ್ದ ಇಟಲಿಯ ಫೊಕಾಚಾ ಬ್ರೆಡ್ಡನ್ನು ಇಂದು ನಾನೇ ಸುಟ್ಟೆ. ಹಿಟ್ಟು ನನ್ನ ಅಪ್ಪಣೆಗೆ ಕಾದಂತೆ ಉಬ್ಬಿ ನಿಂತಿತು. ಎಣ್ಣೆ ಸುರಿದು, ಬೆರಳುಗಳಿಂದ ಗುಳಿ ಒತ್ತಿ, ಟೊಮೆಟೊ, ಈರುಳ್ಳಿ ಹರಡಿದೆ. ಓವನ್ನಿನಿಂದ ತೆಗೆದಾಗ ಹೊನ್ನಿನ ಬಣ್ಣ! ಚಪ್ಪಾಳೆಯೋ ಚಪ್ಪಾಳೆ!

ಮೇಕಪ್ಪಿನವಳು ಮಾತ್ರ ಬಗ್ಗಿ ನೋಡಿದಳು. "ಯಜಮಾನ್ರೇ, ಈ ಮೂಲೆ ಯಾಕೆ ಬೋಳು? ಈರುಳ್ಳಿ ಸಾಲ್ಲಿಲ್ವಾ?"

ಬುಟ್ಟಿ ತುಂಬ ಈರುಳ್ಳಿಯಿತ್ತು. ನಿನಗೆ ಆಗುವುದಿಲ್ಲವೆಂದು ಕೈ ತಾನಾಗಿಯೇ ಆ ಮೂಲೆ ಬಿಟ್ಟಿತ್ತು.

"ಸಾಲ್ಲಿಲ್ಲ ಕಣಮ್ಮಾ!" ಎಂದು ಸೂರು ಹಾರುವಂತೆ ಗರ್ಜಿಸಿದೆ.

ಅವಳು ಉಳಿದದ್ದನ್ನೆಲ್ಲ ಹಂಚಿ, ಆ ಮೂಲೆಗೆ ಬಟ್ಟೆ ಮುಚ್ಚಿದಳು. "ತಾಲೀಮು ಮುಗಿಯೋವರೆಗೂ ಇರ್ಲಿ ಬಿಡಿ."

ತಾಲೀಮು ಮುಗಿದಿದೆ. ಬಾಗಿಲಿಗೆ ನಾನಿನ್ನೂ ಚಿಲಕ ಹಾಕಿಲ್ಲ.